ಗೋಡೆ ಏರದೆ ಉಳಿದ ಚಿತ್ರಗಳು: ಒಂದು ಪ್ರದರ್ಶನದ ಆಯ್ಕೆ

ಗ್ಯಾಲರಿಯವರು ಫೋನಿನಲ್ಲಿ ಕೇಳಿದ್ದು ಒಂದೇ ಪ್ರಶ್ನೆ. "ಎಷ್ಟು ಫೋಟೋ ಹಾಕ್ತೀರಿ?" ನಾಲ್ಕು ವರ್ಷ ಒಂದೇ ವಿಷಯದ ಹಿಂದೆ ಓಡಾಡಿದವನಿಗೆ ಇದಕ್ಕೆ ಉತ್ತರ ಗೊತ್ತಿರಬೇಕಿತ್ತು. ನನಗೆ ಗೊತ್ತಿರಲಿಲ್ಲ. "ನಲವತ್ತು ಆಗಬಹುದು" ಎಂದು ಬಾಯಿಗೆ ಬಂದದ್ದು ಹೇಳಿ ಫೋನ್ ಇಟ್ಟೆ.

ವಿಷಯ ಇದು: ಕಾಯುತ್ತಾ ಕೂತವರು. ಬಸ್ ನಿಲ್ದಾಣ, ಆಸ್ಪತ್ರೆಯ ಹೊರಗಿನ ಬೆಂಚು, ಶಾಲೆಯ ಗೇಟು, ಕಚೇರಿಯ ಕಾರಿಡಾರು, ರಾತ್ರಿ ಪಾಳಿಯ ಕಾವಲುಗಾರನ ಕುರ್ಚಿ. ಹಾರ್ಡ್ ಡಿಸ್ಕಿನಲ್ಲಿ ಸುಮಾರು 9,200 ಚಿತ್ರಗಳಿದ್ದವು. ಕೈಯಲ್ಲಿದ್ದದ್ದು ಹತ್ತು ವಾರ. ಕೊನೆಗೆ ಗೋಡೆಗೆ ಹೋದದ್ದು 13. ಅವುಗಳಲ್ಲಿ ಕೆಲವು, ಆರಂಭದಲ್ಲಿ ನನ್ನ ಮೊದಲ ನೂರರೊಳಗೂ ಇರಲಿಲ್ಲ. ಎಲ್ಲರೂ ಮೆಚ್ಚಿದ್ದ ಚಿತ್ರ, ನಾನು ಅತಿ ಹೆಚ್ಚು ಪ್ರೀತಿಸಿದ್ದ ಚಿತ್ರ, ಬಹುಶಃ ಎಲ್ಲಕ್ಕಿಂತ ಗಟ್ಟಿಯಾಗಿದ್ದ ಚಿತ್ರ, ಈ ಮೂರೂ ಹೊರಗುಳಿದವು. ಅದು ಹೇಗಾಯಿತು ಎಂದು ಇಲ್ಲಿ ಬರೆಯುತ್ತಿದ್ದೇನೆ.

ಗೋಡೆಯ ಅಳತೆ

ಆಯ್ಕೆಗೆ ಕೂರುವ ಮೊದಲು ಟೇಪ್ ಹಿಡಿದು ಕೋಣೆ ನೋಡಿ ಬಂದೆ. ಏಳು ಮೀಟರ್ ಉದ್ದ, ಐದು ಮೀಟರ್ ಅಗಲ. ಬಾಗಿಲೂ ದೊಡ್ಡ ಕಿಟಕಿಯೂ ಇದ್ದ ಉದ್ದನೆಯ ಗೋಡೆ ಉಪಯೋಗಕ್ಕೆ ಬರುವಂತಿರಲಿಲ್ಲ. ಉಳಿದದ್ದು ಮೂರು ಗೋಡೆ: 5, 7, 5 ಮೀಟರ್. ಮೂಲೆಗೆ ಅಂಟಿಕೊಂಡ ಚಿತ್ರ ಶಿಕ್ಷೆಗೆ ನಿಲ್ಲಿಸಿದ ಮಗುವಿನಂತೆ ಕಾಣುತ್ತದೆ, ಹಾಗಾಗಿ ಪ್ರತಿ ಮೂಲೆಯಿಂದ 60 ಸೆಂ.ಮೀ. ಬಿಟ್ಟೆ. ಪ್ರಿಂಟು 45×30 ಸೆಂ.ಮೀ., ಸುತ್ತಲಿನ ರಟ್ಟಿನ ಅಂಚು (ಮೌಂಟ್ ಬೋರ್ಡ್) ಸೇರಿ ಫ್ರೇಮು 60×45. ಎರಡು ಫ್ರೇಮುಗಳ ನಡುವೆ ಮುಕ್ಕಾಲು ಫ್ರೇಮಿನಷ್ಟು ಖಾಲಿ ಜಾಗ ಇಟ್ಟರೆ ಉದ್ದನೆಯ ಗೋಡೆಗೆ ಆರು, ಚಿಕ್ಕ ಗೋಡೆಗಳಿಗೆ ನಾಲ್ಕು ನಾಲ್ಕು. ಒಟ್ಟು ಹದಿನಾಲ್ಕು. ನಲವತ್ತರ ಮಾತು ಅಲ್ಲಿಗೇ ಮುಗಿಯಿತು.

ಈ ಲೆಕ್ಕ ಮೊದಲೇ ಆದದ್ದು ಒಳ್ಳೆಯದಾಯಿತು. "ಒಳ್ಳೆಯ ಚಿತ್ರ ಯಾವುದು" ಎಂದು ಕೇಳಿಕೊಳ್ಳುತ್ತಾ ಹೋಗಿದ್ದರೆ ನೂರಕ್ಕೆ ಬಂದು ನಿಲ್ಲುತ್ತಿದ್ದೆ. "ಈ ಹದಿನಾಲ್ಕು ಜಾಗಗಳಲ್ಲಿ ಯಾವುದು ಎಲ್ಲಿ" ಎಂದು ಕೇಳಿಕೊಂಡಾಗ ಕೈ ಚುರುಕಾಯಿತು.

ನೆಲದ ಮೇಲೆ ಹರಡಿದ್ದು

ಮೊದಲ ಜರಡಿ ಸುಲಭದ್ದು. ಅಲುಗಿದವು, ಫೋಕಸ್ ತಪ್ಪಿದವು, ಕಣ್ಣು ಮಿಟುಕಿಸಿದವು, ಒಂದೇ ಕ್ಷಣದ ಏಳೆಂಟು ಪ್ರತಿಗಳು ಹೋಗಿ 410 ಉಳಿದವು. ಅದರಿಂದ 112 ಆರಿಸಿ ಪೋಸ್ಟ್‌ಕಾರ್ಡ್ ಅಳತೆಯಲ್ಲಿ ಅಗ್ಗದ ಪ್ರಿಂಟ್ ಹಾಕಿಸಿದೆ. ಪರದೆಯ ಮೇಲೆ ಒಂದಾದ ಮೇಲೊಂದು ಚಿತ್ರ ನೋಡುವುದಕ್ಕೂ, ನೆಲದ ಮೇಲೆ ನೂರನ್ನೂ ಒಟ್ಟಿಗೆ ಹರಡಿ ಅವುಗಳ ನಡುವೆ ಕಾಲಿಡುವುದಕ್ಕೂ ಅಜಗಜಾಂತರ. ಪರದೆಯಲ್ಲಿ ಚಿತ್ರ ಒಂಟಿ. ನೆಲದಲ್ಲಿ ಅದಕ್ಕೆ ಅಕ್ಕಪಕ್ಕದವರಿರುತ್ತಾರೆ.

ಹರಡಿದ ಕೂಡಲೇ ಒಂದು ವಿಚಿತ್ರ ಕಣ್ಣಿಗೆ ಬಿತ್ತು. 112ರಲ್ಲಿ 40 ಚಿತ್ರಗಳು ಕೊನೆಯ ಎರಡು ತಿಂಗಳಲ್ಲಿ ತೆಗೆದವು. ನಾಲ್ಕು ವರ್ಷದ ಕೆಲಸದಲ್ಲಿ ಎರಡು ತಿಂಗಳಿಗೆ ಮೂರನೇ ಒಂದು ಪಾಲಿಗಿಂತ ಹೆಚ್ಚು! ನಾನು ಅಷ್ಟು ಬೇಗ ಅಷ್ಟು ಚೆನ್ನಾಗಿ ಕಲಿತಿರಲಿಲ್ಲ. ಆ ದಿನಗಳ ಬಿಸಿ ಇನ್ನೂ ಆರಿರಲಿಲ್ಲ, ಅಷ್ಟೇ. ಅಮೆರಿಕದ ಛಾಯಾಗ್ರಾಹಕ ಗ್ಯಾರಿ ವಿನೊಗ್ರ್ಯಾಂಡ್ ಬೀದಿಯಲ್ಲಿ ತೆಗೆದ ಫಿಲ್ಮ್ ರೋಲುಗಳನ್ನು ಬೇಕೆಂದೇ ತಿಂಗಳುಗಟ್ಟಲೆ, ಒಮ್ಮೊಮ್ಮೆ ವರ್ಷಕ್ಕೂ ಮೇಲೆ, ಸಂಸ್ಕರಿಸದೆ ಇಟ್ಟುಬಿಡುತ್ತಿದ್ದರು. ತೆಗೆದ ದಿನದ ಖುಷಿ ಆಯ್ಕೆಯಲ್ಲಿ ಕೈಯಾಡಿಸಬಾರದು ಎಂಬುದು ಅವರ ಲೆಕ್ಕ. 1984ರಲ್ಲಿ ಅವರು ತೀರಿಕೊಂಡಾಗ ಸುಮಾರು 2,500 ರೋಲುಗಳು ಸಂಸ್ಕರಣೆಯನ್ನೇ ಕಂಡಿರಲಿಲ್ಲ. ಅಷ್ಟು ದೂರ ಹೋಗುವ ಕಾಲ ನನಗಿರಲಿಲ್ಲ. ಆ 40ನ್ನು ಲಕೋಟೆಗೆ ಹಾಕಿ ಆರು ವಾರ ಮುಟ್ಟದೆ ಇಟ್ಟೆ. ಅವು ಬಿಟ್ಟ ಜಾಗಕ್ಕೆ 410ರ ಹಳೆಯ ರಾಶಿಯನ್ನು ಮತ್ತೆ ಕೆದಕಿದೆ. ಆರು ವಾರದ ಮೇಲೆ ಲಕೋಟೆ ತೆರೆದಾಗ ಐದು ಚಿತ್ರಗಳ ಎದುರು ಮಾತ್ರ ಕೈ ನಿಂತಿತು. ಉಳಿದವನ್ನು ಯಾಕೆ ಆರಿಸಿದ್ದೆ ಎಂದು ನನಗೇ ನೆನಪಾಗಲಿಲ್ಲ.

ಇನ್ನು ಎಲ್ಲರೂ ಮೆಚ್ಚಿದ ಚಿತ್ರ. ಮಳೆಯಲ್ಲಿ ನೆನೆದ ಪ್ಲಾಟ್‌ಫಾರಂ, ಬೆನ್ನು ತೋರಿಸಿ ನಿಂತ ಒಬ್ಬ, ಕೈಯಲ್ಲಿ ಕೆಂಪು ಛತ್ರಿ, ನೆಲದ ನೀರಿನಲ್ಲಿ ಅದರ ಕೆಂಪು ನೆರಳು. ಫೋನಿನಲ್ಲಿ ನೋಡಿದವರೆಲ್ಲ ಹೃದಯ ಒತ್ತಿದ್ದರು. ಇದು ಮೊದಲ ಚಿತ್ರ ಎಂದೇ ಮನಸ್ಸಿನಲ್ಲಿ ಗಂಟು ಹಾಕಿಕೊಂಡಿದ್ದೆ. ನೆಲದ ಮೇಲೆ ಒಂದು ವಾರ ಅದರ ಪಕ್ಕ ಓಡಾಡಿದೆ. ಮೂರನೆಯ ದಿನಕ್ಕೆ ಅದರಲ್ಲಿ ನೋಡಲು ಏನೂ ಉಳಿದಿರಲಿಲ್ಲ. ಅಂಗೈಯಗಲದ ಪರದೆಯಲ್ಲಿ ಎರಡು ಸೆಕೆಂಡಿನೊಳಗೆ ಕಣ್ಣು ಸೆಳೆಯಬೇಕಾದ ಚಿತ್ರಕ್ಕೆ ಬೇಕಾದ ಗುಣ ಬೇರೆ, ಗೋಡೆಯ ಮೇಲೆ ಎರಡು ನಿಮಿಷ ಹಿಡಿದು ನಿಲ್ಲಿಸುವ ಗುಣ ಬೇರೆ. ಅದಕ್ಕಿಂತ ದೊಡ್ಡ ದೋಷ, ಅದರಲ್ಲಿ ಕಾಯುವಿಕೆಯೇ ಇರಲಿಲ್ಲ. ಅದು ಛತ್ರಿಯ ಚಿತ್ರ. ಪಕ್ಕದಲ್ಲಿ ಯಾವುದನ್ನಿಟ್ಟರೂ ಇದರ ಕೆಂಪು ಅದನ್ನು ನುಂಗುತ್ತಿತ್ತು. ತೆಗೆದೆ.

"ಗೋಡೆ ಪಕ್ಕ ನಿಂತು ಹೇಳ್ತೀಯಾ?"

ನನಗೆ ಈ ಕೆಲಸ ಕಲಿಸಿದ ಹಿರಿಯ ಛಾಯಾಗ್ರಾಹಕಿಯೊಬ್ಬರಿದ್ದಾರೆ. ಕಪ್ಪುಬಿಳುಪಿನ ಡಾರ್ಕ್ ರೂಮಿನ ಕಾಲದವರು. ನಾನು ಅವರನ್ನು ಕರೆಯುವುದು ಮೇಡಂ ಎಂದೇ. 38ಕ್ಕೆ ಇಳಿಸಿದ ಮೇಲೆ ಕರೆದೆ. ಬಂದವರು ನೆಲದ ಮೇಲೆ ಕೂತು ಒಂದೊಂದನ್ನೇ ಎತ್ತಿ ನೋಡುತ್ತಾ ಒಂದರ ಬಳಿ ನಿಂತರು.

"ಇದರಲ್ಲಿ ಏನಿದೆ?"

ಅದು ನನಗೆ ಪ್ರಾಣದಂತಿದ್ದ ಚಿತ್ರ. ಹೇಳತೊಡಗಿದೆ. ಬೆಳಗಿನ ಜಾವ ಎರಡೂವರೆಗೆ ಹೋಗಿ ನಾಲ್ಕು ಗಂಟೆ ಚಳಿಯಲ್ಲಿ ನಿಂತದ್ದು, ಬ್ಯಾಟರಿ ಮುಗಿಯುತ್ತಾ ಬಂದದ್ದು, ಆ ಅಜ್ಜ ಹದಿನಾಲ್ಕು ವರ್ಷದ ಮೇಲೆ ಬರುತ್ತಿದ್ದ ಮಗನಿಗಾಗಿ ಕಾಯುತ್ತಿದ್ದದ್ದು, ಕೊನೆಗೂ ಮಗ ಬಂದದ್ದು. ಮೇಡಂ ಪೂರ್ತಿ ಕೇಳಿದರು.

"ಗೋಡೆ ಪಕ್ಕ ನಿಂತು ಬಂದವರಿಗೆಲ್ಲ ಇದನ್ನ ಹೇಳ್ತೀಯಾ?"

"ಇಲ್ಲ ಮೇಡಂ."

"ಹಾಗಾದ್ರೆ ಅವರಿಗೆ ಕಾಣೋದು ಏನು? ಶಾಲು ಹೊದ್ದ ಒಬ್ಬ ಅಜ್ಜ, ಹಿಂದೆ ಒಂದು ಕಂಬ. ನೀನು ನೋಡ್ತಿರೋದು ಆ ರಾತ್ರೀನ, ಈ ಚಿತ್ರಾನಲ್ಲ."

ಇದಕ್ಕಿಂತ ಸರಿಯಾಗಿ ಯಾರೂ ನನಗೆ ಹೇಳಿರಲಿಲ್ಲ. ತೆಗೆದವನಿಗೆ ಪ್ರತಿ ಚಿತ್ರದ ಹಿಂದೆಯೂ ಒಂದು ಚಳಿ, ಒಂದು ಓಟ, ಒಂದು ಮಾತುಕತೆ ಇರುತ್ತದೆ. ನೋಡುವವರಿಗೆ ಅದಾವುದೂ ದಾಟುವುದಿಲ್ಲ. ಆ ರಾತ್ರಿ 38ನ್ನೂ ಮಗುಚಿ ಹಾಕಿ, ಪ್ರತಿಯೊಂದರ ಹಿಂದೆ ಅದರ ಕಥೆ ಗೊತ್ತಿಲ್ಲದವನಿಗೆ ಏನು ಕಾಣುತ್ತದೆ ಎಂದು ಒಂದು ಸಾಲು ಬರೆದೆ. "ಒಬ್ಬರು ಕೂತಿದ್ದಾರೆ" ಎನ್ನುವುದಕ್ಕಿಂತ ಮುಂದೆ ಹೋಗದ ಏಳು ಚಿತ್ರಗಳು ಸಿಕ್ಕವು. ಏಳೂ ಹೋದವು. ಅಜ್ಜನ ಚಿತ್ರ ಅವರ ಮನೆಯವರಿಗೆ ಕೊಡಲೆಂದು ಇಟ್ಟುಕೊಂಡಿದ್ದೇನೆ. ಅದರ ಜಾಗ ಅದು.

ಉಳಿದ 31ರಲ್ಲಿ ಬೆಂಚಿನ ಮೇಲೆ ನಿದ್ದೆ ಹೋದವರು ನಾಲ್ಕು ಮಂದಿ. ನಾಲ್ಕೂ ಒಳ್ಳೆಯವು, ಆದರೆ ಗೋಡೆಗೆ ಅದು ನಾಲ್ಕು ಸಲ ಹೇಳಿದ ಒಂದೇ ಮಾತು. ಯಾವುದು ಎಂದು ತಿಳಿಯಲು ಭೂತಗನ್ನಡಿ ಹಿಡಿದು ಒಂದೊಂದರ ಕೈಗಳನ್ನು ನೋಡಿದೆ. ಮೂವರ ಕೈ ಸುಮ್ಮನೆ ಬಿದ್ದಿತ್ತು. ನಾಲ್ಕನೆಯ ಹೆಂಗಸಿನ ಬಾಯಿ ತೆರೆದಿದೆ, ಕತ್ತು ವಾಲಿದೆ, ಗಾಢ ನಿದ್ದೆ. ಆದರೆ ಎಡಗೈಯ ತೋರುಬೆರಳು ಮತ್ತು ಹೆಬ್ಬೆರಳ ನಡುವೆ ಟೋಕನ್ ಚೀಟಿ. ಹೆಬ್ಬೆರಳ ಉಗುರು ಒತ್ತಿ ಬಿಳಿಚಿದೆ. ಮೈಯೆಲ್ಲ ಮಲಗಿದೆ, ಎರಡು ಬೆರಳು ಮಾತ್ರ ಕಾಯುತ್ತಿವೆ. ಇಡೀ ಪ್ರದರ್ಶನ ಆ ಉಗುರಿನಲ್ಲಿತ್ತು. ಈ ಚಿತ್ರವನ್ನು ಮೊದಲ ಜರಡಿಯಲ್ಲಿ ನಾನು 112ರ ಆಚೆಗೇ ತಳ್ಳಿದ್ದೆ. ಹಿನ್ನೆಲೆಯಲ್ಲಿ ಕಸದ ಬುಟ್ಟಿ ಇದೆ ಎಂಬ ಕಾರಣಕ್ಕೆ! ಹಳೆಯ ರಾಶಿ ಕೆದಕಿದಾಗ ಮತ್ತೆ ಕೈಗೆ ಸಿಕ್ಕಿತ್ತು. ಸಣ್ಣ ಗಾತ್ರಕ್ಕೆ ಒಪ್ಪುವುದಿಲ್ಲ ಇದು. ಉಗುರು ಕಾಣಬೇಕು. ಉದ್ದನೆಯ ಗೋಡೆಯ ನಡುವೆ 90×60ರಲ್ಲಿ ಇದೊಂದನ್ನೇ ಹಾಕುವುದೆಂದು ತೀರ್ಮಾನಿಸಿದೆ. ಅದರಿಂದ ಆ ಗೋಡೆಯ ಆರು ಐದಾಯಿತು, ಒಟ್ಟು ಹದಿಮೂರು.

ಚಿತ್ರದಲ್ಲಿರುವವರ ಮಾತು

ಗುರುತಿದ್ದವರನ್ನೆಲ್ಲ ಹುಡುಕಿ, ಪ್ರಿಂಟ್ ಕೈಗಿಟ್ಟು, ಹಾಕಬಹುದೇ ಎಂದು ಕೇಳುವುದೆಂದು ಮೊದಲೇ ನಿರ್ಧರಿಸಿದ್ದೆ. ಸಾರ್ವಜನಿಕ ಜಾಗದಲ್ಲಿ ತೆಗೆದದ್ದಕ್ಕೆ ಕಾನೂನು ಏನು ಹೇಳುತ್ತದೆ ಎನ್ನುವುದು ದೇಶದಿಂದ ದೇಶಕ್ಕೆ ಬೇರೆ. ನನ್ನ ಪ್ರಶ್ನೆ ಅದಾಗಿರಲಿಲ್ಲ. ಗೋಡೆಯ ಮೇಲೆ ಬೆಳಕು ಬಿಟ್ಟು ಒಬ್ಬರ ಮುಖವನ್ನು ಅಪರಿಚಿತರಿಗೆ ತೋರಿಸುವಾಗ ಆ ಮುಖದವರಿಗೆ ಗೊತ್ತಿರಬೇಕು ಎಂದಷ್ಟೇ.

ರಾತ್ರಿ ಕಾವಲುಗಾರನ ಚಿತ್ರ ನನಗೆ ತುಂಬ ಹಿಡಿಸಿತ್ತು. ಟ್ಯೂಬ್‌ಲೈಟಿನ ಕೆಳಗೆ ಕುರ್ಚಿ, ಮಡಿಲಲ್ಲಿ ಟಾರ್ಚು, ತಲೆ ಸ್ವಲ್ಪ ಬಾಗಿದೆ, ಕಣ್ಣು ಮುಚ್ಚಿದೆ. ಪ್ರಿಂಟ್ ನೋಡಿದ ಕೂಡಲೇ ಅವರ ಮುಖ ಬಿಳಿಚಿತು.

"ಸಾರ್, ಇದನ್ನ ಹಾಕಬೇಡಿ. ನಾನು ಮಲಗಿದ್ದ ಹಾಗೆ ಕಾಣ್ತೀನಿ. ಯಾರಾದ್ರೂ ನೋಡಿದ್ರೆ ಕೆಲಸ ಹೋಗುತ್ತೆ."

ಅವರು ಮಲಗಿರಲಿಲ್ಲ. ಅದು ರೆಪ್ಪೆ ಬಡಿದ ಕ್ಷಣ, ಹಿಂದಿನ ಮುಂದಿನ ಎರಡೂ ಚಿತ್ರಗಳಲ್ಲಿ ಕಣ್ಣು ತೆರೆದೇ ಇದೆ. ನನಗೆ ಆ ಮುಚ್ಚಿದ ಕಣ್ಣು ದಣಿವಿನ ಕವಿತೆಯಾಗಿ ಕಂಡಿತ್ತು, ಅವರಿಗೆ ಅದು ಸುಳ್ಳು ಸಾಕ್ಷಿ. ಲ್ಯಾಪ್‌ಟಾಪ್ ತೆಗೆದು ಆ ರಾತ್ರಿಯ ಇಪ್ಪತ್ತಾರು ಚಿತ್ರಗಳನ್ನೂ ಅವರ ಮುಂದಿಟ್ಟೆ. ಅವರೇ ಒಂದನ್ನು ತೋರಿಸಿದರು: ಟಾರ್ಚಿನ ಗಾಜನ್ನು ಅಂಗಿಯ ತುದಿಯಲ್ಲಿ ಒರೆಸುತ್ತಿರುವುದು. ನಾನು ಅದನ್ನು 410ಕ್ಕೂ ತೆಗೆದುಕೊಂಡಿರಲಿಲ್ಲ. ಹದಿಮೂರರಲ್ಲಿ ಹನ್ನೊಂದನೆಯದು ಅದೇ.

ಇನ್ನೊಂದು ಚಿತ್ರದ ಬಗ್ಗೆ ಬರೆಯುವುದು ಕಷ್ಟ. ಆಸ್ಪತ್ರೆಯ ಹೊರಗಿನ ಬೆಂಚಿನಲ್ಲಿ ಒಬ್ಬಾಕೆ ಅಳುತ್ತಿದ್ದಾರೆ. ರಸ್ತೆಯ ಆಚೆಯಿಂದ ತೆಗೆದದ್ದು. ಮುಖ ಪೂರ್ತಿ ಕಾಣುತ್ತದೆ, ಬೆಳಕು ಪಕ್ಕದಿಂದ ಬಿದ್ದಿದೆ, ಸುತ್ತ ಜನ ತಮ್ಮ ಪಾಡಿಗೆ ನಡೆಯುತ್ತಿದ್ದಾರೆ. ಆಕೆಗೆ ನಾನು ಗೊತ್ತಿಲ್ಲ, ಆಕೆಯನ್ನು ಹುಡುಕಲು ನನಗೆ ದಾರಿಯಿಲ್ಲ. ಕೂಡಲೇ ರಸ್ತೆ ದಾಟಿ ಹೋಗಿ ಮಾತಾಡಿಸಬೇಕಿತ್ತು. ಹೋಗಲಿಲ್ಲ. ಅದು ನನ್ನ ತಪ್ಪು, ಆಯ್ಕೆಯ ಹೊತ್ತಿಗೆ ಅದನ್ನು ಸರಿಪಡಿಸಲು ಆಗುವುದಿಲ್ಲ.

ಮೇಡಂಗೂ ನನಗೂ ಇಲ್ಲಿ ಜಗಳವೇ ಆಯಿತು. "ಇದು ನಿನ್ನ ಅತ್ಯುತ್ತಮ ಚಿತ್ರ. ಇದನ್ನ ಬಿಟ್ಟು ಆಸ್ಪತ್ರೆ ಅಂದ್ರೆ ಏನು ತೋರಿಸ್ತೀಯಾ? ನೋವನ್ನ ತೋರಿಸಬಾರದು ಅಂದ್ರೆ ನಾವು ಕ್ಯಾಮೆರಾನೇ ಹಿಡೀಬಾರದು" ಎಂದರು. ಅವರ ವಾದಕ್ಕೆ ಬಲವಿದೆ. ಯುದ್ಧ, ಕ್ಷಾಮಗಳ ಚಿತ್ರಗಳಲ್ಲಿ ಎಷ್ಟೋ ಸಲ ಯಾರ ಒಪ್ಪಿಗೆಯೂ ಸಿಗುವುದಿಲ್ಲ, ಆದರೂ ಆ ಚಿತ್ರಗಳು ಹೊರಬರಲೇಬೇಕು, ಬಂದದ್ದರಿಂದಲೇ ಜಗತ್ತಿಗೆ ತಿಳಿಯಿತು. ನನ್ನ ಚಿತ್ರದಿಂದ ಯಾರಿಗೆ ಏನು ತಿಳಿಯಬೇಕಿತ್ತು? ಆಸ್ಪತ್ರೆಯ ಮುಂದೆ ಜನ ಅಳುತ್ತಾರೆ ಎಂದೇ? ಅದು ಎಲ್ಲರಿಗೂ ಗೊತ್ತು. ಆಕೆಯ ದುಃಖದಿಂದ ನನ್ನ ಗೋಡೆಗೆ ತೂಕ ಬರುತ್ತಿತ್ತು, ಆಕೆಗೆ ಏನೂ ಬರುತ್ತಿರಲಿಲ್ಲ. ಎರಡು ದಿನ ಯೋಚಿಸಿ ತೆಗೆದೆ.

ಅದೇ ಸರಣಿಯಲ್ಲಿ ಕ್ಯಾಮೆರಾ ಕೆಳಗೆ ವಾಲಿದ್ದ ಒಂದು ಚಿತ್ರವಿತ್ತು. ಸೊಂಟದಿಂದ ಕೆಳಗೆ ಮಾತ್ರ. ತೊಡೆಯ ಮೇಲೆ ಎಕ್ಸ್‌ರೇ ಲಕೋಟೆ, ಅದರ ಮೇಲೆ ಎರಡು ಕೈ, ಒಂದು ಚಪ್ಪಲಿ ಕಾಲಿನಿಂದ ಜಾರಿದೆ, ಆ ಪಾದದ ಬೆರಳುಗಳು ನೆಲವನ್ನು ಕಚ್ಚಿ ಹಿಡಿದಂತೆ ಮಡಿಚಿವೆ. ಮುಖವಿಲ್ಲ. ಮೊದಲನೆಯದರಷ್ಟು ಗಟ್ಟಿಯಾದ ಚಿತ್ರ ಇದಲ್ಲ. ಆ ನಷ್ಟ ಇದ್ದೇ ಇದೆ. ಅದನ್ನು ಒಪ್ಪಿಕೊಂಡೇ ಹಾಕಿದೆ.

ಅಕ್ಕಪಕ್ಕ

ಬಣ್ಣದ ವಿಷಯ ಬೇಗ ಮುಗಿಯಿತು. ಕೆಲವನ್ನು ನಾನು ಕಪ್ಪುಬಿಳುಪಿಗೆ ತಿರುಗಿಸಿದ್ದೆ. ಯಾಕೆಂದು ಪ್ರಾಮಾಣಿಕವಾಗಿ ಕೇಳಿಕೊಂಡರೆ, ಕಲಸಿಹೋದ ಬಣ್ಣ ಮುಚ್ಚಲು. ಕಾಯುವ ಜಾಗಗಳ ಬೆಳಕೇ ಹೊತ್ತು ಹೇಳುತ್ತದೆ: ಟ್ಯೂಬ್‌ಲೈಟಿನ ಹಸಿರು ಛಾಯೆ, ಸೋಡಿಯಂ ದೀಪದ ಕಿತ್ತಳೆ, ಮುಂಜಾವಿನ ನೀಲಿ. ಎಲ್ಲವನ್ನೂ ಬಣ್ಣಕ್ಕೆ ತಂದೆ. ಬಣ್ಣದಲ್ಲಿ ನಿಲ್ಲಲಾರದ್ದು ಬಿದ್ದುಹೋಯಿತು.

ಕ್ರಮಕ್ಕೆ ಮಾತ್ರ ಎರಡು ವಾರ ಹಿಡಿಯಿತು. ಛಾಯಾಗ್ರಾಹಕ ರಾಬರ್ಟ್ ಫ್ರಾಂಕ್ 1955ರಿಂದ ಅಮೆರಿಕ ಸುತ್ತಿ ತೆಗೆದ ಸುಮಾರು 27,000 ಚಿತ್ರಗಳಿಂದ 1958ರಲ್ಲಿ ಪ್ಯಾರಿಸ್ಸಿನಲ್ಲಿ ಬಂದ ತಮ್ಮ ಪುಸ್ತಕಕ್ಕೆ 83ನ್ನು ಮಾತ್ರ ಇಟ್ಟುಕೊಂಡರು. ಮುನ್ನೂರಕ್ಕೊಂದು. ಆ ಸಂಖ್ಯೆಗಿಂತ ಹೆಚ್ಚು ನಾನು ಕಲಿತದ್ದು ಅಲ್ಲಿ ಒಂದು ಚಿತ್ರ ಮುಂದಿನದಕ್ಕೆ ಕೈ ಚಾಚುವ ಬಗೆಯಿಂದ. ಗಾತ್ರದ ಪಾಠ ಬೇರೆ ಕಡೆಯದು. 1955ರಲ್ಲಿ ನ್ಯೂಯಾರ್ಕಿನ ಆಧುನಿಕ ಕಲಾ ವಸ್ತುಸಂಗ್ರಹಾಲಯದಲ್ಲಿ ಎಡ್ವರ್ಡ್ ಸ್ಟೈಕನ್ ಜಗತ್ತಿನ ಮನುಷ್ಯರ ಕುರಿತು 503 ಚಿತ್ರಗಳ ಪ್ರದರ್ಶನ ಮಾಡಿದಾಗ ಎಲ್ಲವನ್ನೂ ಒಂದೇ ಅಳತೆಗೆ ಕತ್ತರಿಸಲಿಲ್ಲ. ಕೆಲವು ಆಳೆತ್ತರ ಮೀರಿದವು, ಕೆಲವು ಬಗ್ಗಿ ನೋಡಬೇಕಾದವು.

ದಪ್ಪ ರಟ್ಟಿನಲ್ಲಿ ಇಪ್ಪತ್ತನೇ ಒಂದರ ಅಳತೆಯ ಮೂರು ಗೋಡೆ ಮಾಡಿದೆವು. ಒಂದೊಂದು ಫ್ರೇಮು ಮೂರು ಸೆಂ.ಮೀ. ಅಗಲದ ಚೀಟಿ. ಅಂಟಿಸುವುದು, ಕೀಳುವುದು. ಎಡಕ್ಕೆ ನೋಡುವ ಮುಖ ಗೋಡೆಯ ಎಡತುದಿಯಲ್ಲಿದ್ದರೆ ನೋಡುವವರ ಕಣ್ಣೂ ಅದರ ಜೊತೆ ಕೋಣೆಯಾಚೆ ಹೋಗುತ್ತದೆ. ಅದನ್ನು ಬಲಕ್ಕಿಟ್ಟರೆ ಕಣ್ಣು ಒಳಗೇ ತಿರುಗುತ್ತದೆ. ಮೂರು ಮುಖಗಳು ಒಟ್ಟಿಗೆ ಬಂದರೆ ನಾಲ್ಕನೆಯದನ್ನು ಯಾರೂ ನೋಡುವುದಿಲ್ಲ. ಒಂಟಿಯಾಗಿ ನೋಡಿದರೆ ಏನೂ ಅಲ್ಲದ ಒಂದು ಚಿತ್ರವಿತ್ತು, ಗೋಡೆಗೆ ತಲೆ ತಾಗಿ ತಾಗಿ ಎಣ್ಣೆ ಕಲೆಯಾದ ಜಾಗ, ಮುಂದೆ ಖಾಲಿ ಬೆಂಚು. ಶಾಲೆಯ ಗೇಟಿನ ತಾಯಂದಿರಿಗೂ ಆಸ್ಪತ್ರೆಯ ಆ ಪಾದಗಳಿಗೂ ನಡುವೆ ಅದನ್ನಿಟ್ಟಾಗ ಆ ಕಲೆ ಒಂದು ತಲೆಯಾಯಿತು. ಬಲವಾದ ಒಂದು ಚಿತ್ರವನ್ನು ತೆಗೆದು ಈ ಸಾಧಾರಣದ್ದಕ್ಕೆ ಜಾಗ ಕೊಟ್ಟೆ. ಅಂಕ ಹಾಕಿ ಮೊದಲ ಹದಿಮೂರನ್ನು ಆರಿಸಿದ್ದರೆ ಇದು ಎಂದೂ ಬರುತ್ತಿರಲಿಲ್ಲ.

ಪ್ರಿಂಟಿನಲ್ಲಿ

ನನ್ನ ಕ್ಯಾಮೆರಾದ ಚಿತ್ರ 6,000×4,000 ಪಿಕ್ಸೆಲ್. 45 ಸೆಂ.ಮೀ. ಅಗಲಕ್ಕೆ ಇಂಚಿಗೆ 300ಕ್ಕಿಂತ ಹೆಚ್ಚೇ ಸಿಗುತ್ತದೆ, ಧಾರಾಳ. 90 ಸೆಂ.ಮೀ.ಗೆ ಸುಮಾರು 170. ದೊಡ್ಡ ಚಿತ್ರವನ್ನು ಜನ ಹಿಂದೆ ಸರಿದು ನೋಡುವುದರಿಂದ ಅದೂ ನಡೆಯುತ್ತದೆ, ಆದರೆ ಉಗುರಿನ ಬಳಿ ಮುಖ ತರುವವರಿಗಾಗಿ ಆ ಭಾಗವನ್ನು ಪೂರ್ಣ ಅಳತೆಯಲ್ಲಿ ತುಂಡು ಪ್ರಿಂಟ್ ಹಾಕಿಸಿ ನೋಡಿದೆ. ನಿಂತಿತು. ಕಿಟಕಿಯ ಗಾಜಿಗೆ ಮೂಗು ಒತ್ತಿದ ಮಗುವಿನ ಚಿತ್ರಕ್ಕೆ ತೊಂದರೆಯಾಯಿತು. ತುಂಬ ಕ್ರಾಪ್ ಮಾಡಿದ್ದರಿಂದ 2,400 ಪಿಕ್ಸೆಲ್ ಅಗಲ ಮಾತ್ರ ಉಳಿದಿತ್ತು. 45 ಸೆಂ.ಮೀ.ನಲ್ಲಿ ಒಡೆದು ಹೋಯಿತು. ಬಿಡುವ ಬದಲು ಅದನ್ನು 20 ಸೆಂ.ಮೀ. ಅಗಲಕ್ಕಿಳಿಸಿ, ಅದೇ 60×45ರ ಫ್ರೇಮಿನೊಳಗೆ ಸುತ್ತ ಅಗಲವಾದ ಬಿಳಿ ಬೋರ್ಡ್ ಬಿಟ್ಟು ಕೂರಿಸಿದೆ. ನೋಡುವವರೂ ಗಾಜಿಗೆ ಮೂಗು ತರಬೇಕಾಯಿತು.

ಪರದೆಯಲ್ಲಿ ಬೆಳಗುತ್ತಿದ್ದ ರಾತ್ರಿಯ ಚಿತ್ರಗಳು ಮೊದಲ ಪರೀಕ್ಷಾ ಪ್ರಿಂಟಿನಲ್ಲಿ ಮಸಿ ಬಳಿದಂತೆ ಬಂದವು. ತಪ್ಪು ಲ್ಯಾಬಿನದಲ್ಲ. ನನ್ನ ಪರದೆಯ ಬೆಳಕು ಏರಿಸಿಟ್ಟದ್ದೇ ಕಾರಣ. ಅದನ್ನು ಚದರ ಮೀಟರಿಗೆ 100 ಕ್ಯಾಂಡೆಲಾದ (ಬೆಳಕಿನ ಅಳತೆಯ ಮಾನ) ಆಸುಪಾಸಿಗೆ ಇಳಿಸಿ ಮತ್ತೆ ತಿದ್ದಿದೆ. ಮ್ಯಾಟ್ ಹತ್ತಿ ಕಾಗದ ಕಪ್ಪಿನ ಆಳವನ್ನು ಹೊಳಪು ಕಾಗದದಷ್ಟು ಹಿಡಿಯುವುದಿಲ್ಲ, ಹಾಗಾಗಿ ನೆರಳನ್ನು ಇನ್ನೂ ಸ್ವಲ್ಪ ಎತ್ತಬೇಕಾಯಿತು. ಇಷ್ಟಾದರೂ ಒಂದು ಚಿತ್ರ ಏಳಲಿಲ್ಲ. ಅದರ ಜಾಗಕ್ಕೆ ಲಕೋಟೆಯ ಐದರಲ್ಲಿ ಒಂದು ಬಂತು. ಕಿಟಕಿಯ ಎದುರಿನ ಉದ್ದನೆಯ ಗೋಡೆಗೆ ಗಾಢ ಚಿತ್ರ ಹಾಕುವಂತಿರಲಿಲ್ಲ. ಗಾಜಿನಲ್ಲಿ ಕಾಣುವುದು ಕಿಟಕಿ, ಅದರ ಮುಂದೆ ನೋಡುವವರ ಮುಖ. ರಾತ್ರಿಗಳೆಲ್ಲ ಪಕ್ಕದ ಗೋಡೆಗಳಿಗೆ ಹೋದವು.

ತೆರೆದ ದಿನ

ಎಲ್ಲ ಫ್ರೇಮುಗಳ ಮಧ್ಯಬಿಂದು ನೆಲದಿಂದ 147 ಸೆಂ.ಮೀ. ಎಡಗೋಡೆಯಿಂದ ಆರಂಭ, ಬಲಗೋಡೆಯಲ್ಲಿ ಮುಕ್ತಾಯ. ಮೊದಲನೆಯದು ಮುಂಜಾವಿನ ನೀಲಿಯಲ್ಲಿ ಕೈಗಡಿಯಾರ ನೋಡುವ ಹುಡುಗಿ, ಹದಿಮೂರನೆಯದು ಎಲ್ಲರೂ ಎದ್ದುಹೋದ ಮೇಲಿನ ಕುರ್ಚಿಗಳ ಸಾಲು.

ಬಾಗಿಲು ತೆರೆದ ಅರ್ಧ ಗಂಟೆಯಲ್ಲಿ ಎದೆ ಧಸಕ್ಕೆಂದಿತು. ಒಳಬಂದವರೆಲ್ಲ ಬಲಕ್ಕೆ ತಿರುಗಿ ಖಾಲಿ ಕುರ್ಚಿಗಳಿಂದ ನೋಡತೊಡಗಿದ್ದರು. ಬಾಗಿಲು ಇದ್ದದ್ದು ಬಲತುದಿಯಲ್ಲಿ. ನಮ್ಮ ರಟ್ಟಿನ ಮಾದರಿಯಲ್ಲಿ ಮೂರೇ ಗೋಡೆ. ಬಾಗಿಲಿನ ಗೋಡೆಯಲ್ಲಿ ಚಿತ್ರವಿಲ್ಲವೆಂದು ಅದನ್ನು ಕತ್ತರಿಸಿಯೇ ಇರಲಿಲ್ಲ. ಎರಡು ವಾರ ಜೋಡಿಸಿದ ಕ್ರಮವನ್ನು ಜನ ಹಿಂದಿನಿಂದ ಓದುತ್ತಿದ್ದರು.

ಪೂರ್ತಿ ತಿರುಗಿಸಿದರೆ ನೋಟಗಳ ದಿಕ್ಕು ಕೆಡುತ್ತಿತ್ತು. ಮರುದಿನ ಬೆಳಿಗ್ಗೆ ಬೇಗ ಹೋಗಿ ಬಾಗಿಲ ಬಳಿಯಿದ್ದ ಪರಿಚಯದ ಫಲಕವನ್ನು ಎಡಗೋಡೆಯ ಮೊದಲ ಚಿತ್ರದ ಪಕ್ಕಕ್ಕೆ ಸಾಗಿಸಿದೆವು. ಅಕ್ಷರ ಇರುವಲ್ಲಿಗೆ ಜನ ಮೊದಲು ಹೋಗುತ್ತಾರೆ ಎಂದು ಮೇಡಂ ಹೇಳಿದ್ದರು. ಅದು ಅರ್ಧ ಮಟ್ಟಿಗೆ ಕೆಲಸ ಮಾಡಿತು. ಖಾಲಿ ಕುರ್ಚಿಗಳನ್ನು ಅದೇ ಗೋಡೆಯ ಒಳತುದಿಗೆ, ಹತ್ತನೆಯ ಜಾಗಕ್ಕೆ ಸರಿಸಿ, ಅಲ್ಲಿದ್ದ ಶಾಲೆ ಬಿಟ್ಟ ಸಂಜೆಯ ಚಿತ್ರವನ್ನು ಬಾಗಿಲಿನ ಬದಿಗೆ ತಂದೆವು. ಯಾವ ಬದಿಯಿಂದ ಬಂದರೂ ಮೊದಲು ಸಿಗುವುದು ಒಬ್ಬ ಮನುಷ್ಯ.

ನಾಲ್ಕನೆಯ ಸಂಜೆ ಒಬ್ಬ ಹೆಂಗಸು ಆ ಪಾದಗಳ ಚಿತ್ರದ ಮುಂದೆ ನಿಂತು, "ಇವರು ಯಾರು?" ಎಂದು ಕೇಳಿದರು.

"ಗೊತ್ತಿಲ್ಲಮ್ಮ. ಕೇಳಲು ಆಗಲಿಲ್ಲ."

ಅವರು ತಲೆಯಾಡಿಸಿ, ಜಾರಿದ ಚಪ್ಪಲಿಯನ್ನು ಮತ್ತೊಮ್ಮೆ ನೋಡಿ, ಮುಂದಿನದಕ್ಕೆ ನಡೆದರು.